ವ್ಯಾನಿನವರು ಅತಿಥಿಗಳು, ಗುಡಾರದವರು ಕಳ್ಳರೇ?



ಈಚೆಗೆ ಹೊಸದೊಂದು ವೈರಾಗ್ಯ ಹುಟ್ಟಿಕೊಂಡಿದೆ. ಅದಕ್ಕೆ ಕಾವಿ ಬೇಕಿಲ್ಲ, ಕಮಂಡಲ ಬೇಕಿಲ್ಲ. ಒಂದು ವ್ಯಾನ್ ಇದ್ದರಾಯಿತು. ಬೆಂಗಳೂರಿನ ಕಂಪನಿ ಕೆಲಸ ಬಿಟ್ಟು, ಇಲ್ಲವೇ ಬಿಡದೆ ಕಂಪ್ಯೂಟರನ್ನು ತೊಡೆ ಮೇಲಿಟ್ಟುಕೊಂಡು, ವ್ಯಾನಿನೊಳಗೇ ಹಾಸಿಗೆ, ಒಲೆ, ಫ್ರಿಜ್ಜು, ನೀರಿನ ಟ್ಯಾಂಕು, ಕಕ್ಕಸು ಎಲ್ಲವನ್ನೂ ಕೂರಿಸಿಕೊಂಡು ವರ್ಷವಿಡೀ ಊರೂರು ಸುತ್ತುತ್ತಾರೆ. ಹಳೇ 206, ಈಗಿನ 69ನೇ ಹೆದ್ದಾರಿಯಲ್ಲಿ ಕಡೂರು, ಬೀರೂರು ದಾಟಿ ತರೀಕೆರೆಗೆ ಬರುತ್ತಾರೆ. ಕೆಮ್ಮಣ್ಣುಗುಂಡಿಯ ಮಂಜು, ಕಲ್ಲತ್ತಿಗಿರಿಯ ಜಲಪಾತ, ಲಕ್ಕವಳ್ಳಿಯ ಭದ್ರಾ ನೀರು, ಎಲ್ಲವೂ ಅವರ ಫೋನಿನೊಳಗೆ ಬಂದು ಕೂರುತ್ತವೆ. 'ಮನೆ ಅನ್ನೋದೇ ಒಂದು ಬಂಧನ ಕಣ್ರೀ, ಹಳೇ ಗೆಳೆಯರನ್ನೆಲ್ಲ ಒಂದು ಸುತ್ತು ನೋಡ್ಕೊಂಡು ಬರ್ತಾ ಇದೀವಿ' ಅಂತಾರೆ.

ಸುತ್ತಲಿ. ಬೇಡ ಅಂದೋರು ಯಾರು? ಬುದ್ಧನೂ ಜೀವಮಾನವಿಡೀ ಸುತ್ತಿದವನೇ. ಗೆಳೆಯರನ್ನು ನೋಡಬೇಕು ಅನ್ನೋ ಆಸೆ ದೊಡ್ಡ ಆಸೆ. ನನ್ನ ಜಗಳ ಅವರ ಚಕ್ರದ ಮೇಲಲ್ಲ, ಅದನ್ನು ನೋಡುವ ಈ ಸಮಾಜದ ಕಣ್ಣಿನ ಮೇಲೆ. ಇವರು ಸುತ್ತಿದರೆ ಸ್ವಾತಂತ್ರ್ಯ, ಸಾಹಸ, ಜೀವನದರ್ಶನ. ಇದೇ ಕೆಲಸವನ್ನು ನೂರಾರು ವರ್ಷದಿಂದ ಮಾಡಿಕೊಂಡು ಬಂದ ಜನ ಸುತ್ತಿದರೆ ಕಳ್ಳತನ, ಭಿಕ್ಷಾಟನೆ, ಪುಂಡಾಟಿಕೆ. ಇದು ಯಾವ ನ್ಯಾಯ ಸ್ವಾಮಿ?

ಹಳೇ ಗೆಳೆಯರ ಮಾತೇ ತೆಗೆದುಕೊಳ್ಳಿ. ಹೆಳವರ ಕೆಲಸವೇ ಅದು. ಸುಗ್ಗಿ ಕಾಲಕ್ಕೆ ಒಕ್ಕಲ ಮನೆ ಬಾಗಿಲಿಗೆ ಬಂದು, ಆ ಮನೆಯ ಅಜ್ಜ, ಮುತ್ತಜ್ಜ, ಅವರಪ್ಪ ಯಾರು, ಮೂಲ ಯಾವೂರು, ಯಾಕೆ ಬಿಟ್ಟು ಬಂದರು, ಎಲ್ಲವನ್ನೂ ಹೇಳುತ್ತಾರೆ. ಒಕ್ಕಲಿನವನೇ ಮರೆತ ಹೆಸರನ್ನು ಬೀದಿಯಲ್ಲಿ ನಿಂತವನು ನೆನಪಿಟ್ಟುಕೊಂಡಿರುತ್ತಾನೆ. ಇದಕ್ಕಿಂತ ಹಳೇ ಗೆಳೆತನ ಇನ್ನೆಲ್ಲಿದೆ? ಬುಡ್ಗ ಜಂಗಮರು, ಸುಡುಗಾಡು ಸಿದ್ಧರು, ಹಂದಿಜೋಗಿಗಳು, ಸಿಳ್ಳೇಕ್ಯಾತರು, ದೊಂಬರು, ಗೊಂದಲಿಗರು, ಎಲ್ಲರಿಗೂ ಒಂದೊಂದು ಸುತ್ತು, ಒಂದೊಂದು ಕಾಲ, ಪರಿಚಯದ ಊರು, ಪರಿಚಯದ ಮರದ ನೆರಳು. ಸುಮ್ಮನೆ ಅಲೆಯುವವರಲ್ಲ ಇವರು. ಹೋದ ವರ್ಷ ಬಿಟ್ಟುಹೋದ ಮಾತನ್ನು ಈ ವರ್ಷ ಮುಂದುವರಿಸಲು ಬರುವವರು.

ಅವರೂ ಈಗ ವ್ಯಾನಿಗೆ ಬಂದಿದ್ದಾರೆ. ಕತ್ತೆ ಹೋಯಿತು, ಎತ್ತಿನ ಗಾಡಿ ಹೋಯಿತು. 2005ರಲ್ಲಿ ಟಾಟಾ ಏಸ್ ಬಂದಮೇಲೆ ಸಾಲ ಮಾಡಿಯೋ, ಎರಡನೇ ಕೈಯದ್ದು ಕೊಂಡೋ, ಅದರಲ್ಲೇ ಗುಡಾರದ ಕೋಲು, ಪ್ಲಾಸ್ಟಿಕ್ ಕೊಡ, ಪಾತ್ರೆ, ಕೋಳಿ, ನಾಯಿ, ಮುದುಕಿ, ಕೂಸು ಎಲ್ಲ ತುಂಬಿಕೊಂಡು ಹೊರಡುತ್ತಾರೆ. ಸರಕಿನ ಗಾಡಿಯಲ್ಲಿ ಜನ ಕೂರುವ ಹಾಗಿಲ್ಲ. ಕಾನೂನು ಇರೋದು ಜೀವ ಉಳಿಸೋಕೆ, ಒಪ್ಪೋಣ. ಆದರೆ ಗುಡಾರ ಸಮೇತ ಯಾವ ಬಸ್ಸು ಹತ್ತಿಸಿಕೊಳ್ಳುತ್ತೆ? ಮನೆಯನ್ನೇ ಹೊತ್ತ ಗಾಡಿ ಎರಡೂ. ಒಂದಕ್ಕೆ 2020-25ರ ರಾಜ್ಯ ಪ್ರವಾಸೋದ್ಯಮ ನೀತಿಯಲ್ಲಿ 'ಕ್ಯಾರವಾನ್ ಪ್ರವಾಸ' ಅಂತ ಹೆಸರು ಕೊಟ್ಟು ಪ್ರೋತ್ಸಾಹದ ಮಾತಾಡಿದರು. ಇನ್ನೊಂದಕ್ಕೆ ಚೆಕ್‌ಪೋಸ್ಟಿನಲ್ಲಿ ದಂಡದ ರಸೀದಿ ಹರಿದರು. ಕೆಲವು ಕಡೆ ರಸೀದಿಯೂ ಇಲ್ಲ.

ಕತ್ತಲಾದಮೇಲೆ ಎರಡೂ ಗಾಡಿ ಒಂದು ಕೆರೆ ಏರಿ ಪಕ್ಕ ನಿಂತವು ಅಂತಿಟ್ಟುಕೊಳ್ಳಿ. ಬಿಳೀ ವ್ಯಾನಿನ ಹತ್ತಿರ ಊರ ಹುಡುಗರು ಬರುತ್ತಾರೆ, ಜೊತೆಗೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಗೌಡರ ಮನೆಯಿಂದ ಎಳನೀರು ಬರುತ್ತೆ. ಟಾಟಾ ಏಸಿನ ಹತ್ತಿರವೂ ಅದೇ ಹುಡುಗರು ಬರುತ್ತಾರೆ. 'ಯಾವೂರೋ? ಆಧಾರ್ ತೋರಿಸು. ಬೆಳಗಾಗೋದ್ರೊಳಗೆ ಜಾಗ ಖಾಲಿ ಮಾಡು.' ಇದನ್ನು ಕಟ್ಟಿ ಹೇಳುತ್ತಿದ್ದೇನೆ ಅಂತೀರಾ? 2018ರ ಜುಲೈ 1ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ರೈನ್‌ಪಾಡಾದಲ್ಲಿ ನಾಥಪಂಥಿ ಡವರಿ ಗೋಸಾವಿಗಳಾದ ಐದು ಜನರನ್ನು 'ಮಕ್ಕಳ ಕಳ್ಳರು' ಅಂತ ಹೊಡೆದು ಕೊಂದರು. ನಮ್ಮ ವಿಜಯಪುರಕ್ಕೆ ಗಡಿ ಹತ್ತಿದ ಸೊಲ್ಲಾಪುರ ಜಿಲ್ಲೆ ಕಡೆಯವರು ಅವರಲ್ಲಿ ಹೆಚ್ಚಿನವರು. ಊರೂರು ತಿರುಗಿ ಬೇಡೋದು ಅವರ ಕುಲಕಸುಬು. ಫೋನಿನಲ್ಲಿ ಹಬ್ಬಿದ ಒಂದು ಸುಳ್ಳು ಸಾಕಾಯಿತು. ವ್ಯಾನಿನವರ ಯಾತ್ರೆಯನ್ನು ಮೆಚ್ಚಿ ಹಂಚುವುದೂ ಅದೇ ಫೋನು.

ಈ ಕಣ್ಣು ಇವತ್ತು ಹುಟ್ಟಿದ್ದಲ್ಲ. ಬ್ರಿಟಿಷರು 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದರು. ಹುಟ್ಟಿದ ಕೂಸೇ ಅಪರಾಧಿ. ಊರು ಬಿಡಬೇಕಾದರೆ ಚೀಟಿ, ದಿನಾ ಠಾಣೆಗೆ ಹಾಜರಿ. ಹುಬ್ಬಳ್ಳಿ, ಗದಗದಲ್ಲಿ ತಂತಿ ಬೇಲಿಯೊಳಗೆ ಕೂಡಿಹಾಕಿದ ಜಾಗವನ್ನು ಜನ ಇವತ್ತಿಗೂ 'ಸೆಟ್ಲಮೆಂಟು' ಅಂತಲೇ ಕರೆಯುತ್ತಾರೆ. ದೇಶಕ್ಕೆ 1947ರಲ್ಲಿ ಸ್ವಾತಂತ್ರ್ಯ ಬಂದರೆ ಇವರಿಗೆ ಬಂದದ್ದು 1952ರ ಆಗಸ್ಟ್ 31ಕ್ಕೆ, ಐದು ವರ್ಷ ತಡವಾಗಿ. ಅದೂ ಪೂರ್ತಿ ಬಂತೇ? 1961ರಲ್ಲಿ ನಮ್ಮ ರಾಜ್ಯ 'ರೂಢಿಗತ ಅಪರಾಧಿ'ಗಳ ಕಾಯ್ದೆ ಮಾಡಿತು. 1975ರಲ್ಲಿ ಭಿಕ್ಷಾಟನೆ ನಿಷೇಧ ಕಾಯ್ದೆ ಬಂತು. ಆ ಕಾಯ್ದೆಯಲ್ಲಿ ಹಿಡಿದವರನ್ನು ತುಂಬಿದ ಬೆಂಗಳೂರಿನ ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ 2010ರ ಆಗಸ್ಟಿನಲ್ಲಿ ಕೆಲವೇ ದಿನದಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಜೈಲಿನ ಕೈಪಿಡಿಗಳಲ್ಲಿ ಅಲೆಮಾರಿಗಳನ್ನು ಹುಟ್ಟು ಅಪರಾಧಿಗಳ ಸಾಲಿಗೆ ಸೇರಿಸಿದ್ದ ನಿಯಮಗಳನ್ನು ಸುಪ್ರೀಂ ಕೋರ್ಟು ಹೊಡೆದುಹಾಕಿದ್ದು 2024ರ ಅಕ್ಟೋಬರ್ 3ರಂದು. ಮೊನ್ನೆ ಮೊನ್ನೆ.

ನಮ್ಮ ಸೀಮೆಯಲ್ಲೇ ಇನ್ನೊಂದು ಕತೆಯಿದೆ. ಅಜ್ಜಂಪುರದ ಅಮೃತಮಹಲ್ ತಳಿ ಕೇಂದ್ರವನ್ನು ಎಲ್ಲರೂ ನೋಡಿದ್ದೀರಿ. ಬೂದು ಮೈ, ಉದ್ದ ಕೊಂಬು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆಚಾವಡಿಗೆ ಟಿಪ್ಪು 'ಅಮೃತಮಹಲ್' ಎಂದು ಹೆಸರಿಟ್ಟ. ಸೈನ್ಯದ ತೋಪು, ಸಾಮಾನು ಎಳೆಯುವ ರಾಸುಗಳು ಅವು. ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು, ಬೇಸಿಗೆಗೊಂದು ಕಾವಲು ಅಂತ ಲಕ್ಷಾಂತರ ಎಕರೆ ಮೀಸಲಿಟ್ಟರು. ಕಾಲಕಾಲಕ್ಕೆ ಒಂದು ಕಾವಲಿನಿಂದ ಇನ್ನೊಂದಕ್ಕೆ ಅಟ್ಟಿಕೊಂಡು ಹೋಗುತ್ತಿದ್ದರು. ಅಂದರೆ ದನ ಅಲೆಮಾರಿ ಅಂತ ರಾಜ್ಯಕ್ಕೆ ಗೊತ್ತಿತ್ತು. ಅದಕ್ಕೆ ನಿಲ್ಲೋಕೆ ಜಾಗ ಬೇಕು ಅಂತಲೂ ಗೊತ್ತಿತ್ತು. ಅದೇ ಸೈನ್ಯಗಳಿಗೆ ಹೇರೆತ್ತಿನ ಮೇಲೆ ದವಸ, ಉಪ್ಪು ಹೊತ್ತು ತಂದವರು ಲಂಬಾಣಿಗಳು. ರೈಲು ಬಂದು ಅವರ ಹೇರು ಕಿತ್ತುಕೊಂಡಮೇಲೆ ಆ ಮನುಷ್ಯರಿಗೆ ಸಿಕ್ಕ ಕಾವಲು ಪೊಲೀಸ್ ಕಾವಲು!

ಈಗಲೂ ಲೆಕ್ಕ ಹಾಗೇ ಇದೆ. ಕರ್ನಾಟಕ ಭೂಕಂದಾಯ ನಿಯಮದಲ್ಲಿ ನೂರು ಜಾನುವಾರಿಗೆ ಹನ್ನೆರಡು ಹೆಕ್ಟೇರ್, ಅಂದರೆ ಸುಮಾರು ಮೂವತ್ತು ಎಕರೆ ಗೋಮಾಳ ಬಿಡಬೇಕು ಅಂತಿದೆ. ಒಳ್ಳೆಯದು, ದನಕ್ಕೆ ಹುಲ್ಲು ಬೇಕು. ನೂರು ಅಲೆಮಾರಿಗಳು ಮಲಗೋಕೆ ಎಷ್ಟು ಗುಂಟೆ ಬಿಡಬೇಕು ಅಂತ ಯಾವ ನಿಯಮದಲ್ಲಿದೆ? ಅಂತರಘಟ್ಟೆ ದುರ್ಗಾಂಬೆಯ ಜಾತ್ರೆಗೆ ಸುತ್ತಿನ ಹಳ್ಳಿಯವರು ಗಾಡಿ ಹೂಡಿಕೊಂಡು ಬಂದು ಬಯಲಲ್ಲೇ ಒಲೆ ಹೂಡುತ್ತಾರೆ. ಆಗ ಯಾರೂ ಆಧಾರ್ ಕೇಳೋದಿಲ್ಲ. ಊರು ಇರುವವನು ಊರು ಬಿಟ್ಟರೆ ಜಾತ್ರೆ. ಊರೇ ಇಲ್ಲದವನು ಊರಿಗೆ ಬಂದರೆ ಉಪದ್ರವ!

ವ್ಯಾನಿನವರ ಇನ್ನೊಂದು ಹೆಮ್ಮೆ ಇದೆ. 'ನಾವು ಯಾರನ್ನೂ ಏನೂ ಕೇಳಲ್ಲ, ನಮ್ಮ ನೀರು ನಮ್ಮ ಹತ್ರಾನೇ ಇರುತ್ತೆ.' ಹೌದಪ್ಪ, ಕೇಳದೆ ಬದುಕೋಕೆ ದುಡ್ಡು ಬೇಕು. ಬಾಬಾಸಾಹೇಬರು ಹುಡುಗರಾಗಿದ್ದಾಗ, 1901ರಲ್ಲಿ, ಅಪ್ಪನನ್ನು ನೋಡಲು ಮಸೂರು ಸ್ಟೇಷನ್ನಿನಲ್ಲಿಳಿದು ಗೋರೆಗಾಂವಿಗೆ ಹೊರಟರು. ಮಹಾರ್ ಮಕ್ಕಳು ಅಂತ ಗೊತ್ತಾದಮೇಲೆ ಗಾಡಿಯವನು ಎರಡರಷ್ಟು ಬಾಡಿಗೆ ತಗೊಂಡ. ಆದರೂ ಗಾಡಿ ಹೊಡೆಯಲಿಲ್ಲ, ಮಕ್ಕಳೇ ಹೊಡೆಯಬೇಕಾಯಿತು. ಬುತ್ತಿ ಇತ್ತು, ನೀರು ಕೊಡೋರಿಲ್ಲ. ಹಸಿದೇ ಮಲಗಿದರು. ದೊಡ್ಡವರಾಗಿ, ಬ್ಯಾರಿಸ್ಟರಾಗಿ, 1934ರಲ್ಲಿ ಚಳವಳಿಯ ಗೆಳೆಯರ ಜೊತೆ ಬಸ್ಸು ಮಾಡಿಕೊಂಡು ದೌಲತಾಬಾದಿನ ಕೋಟೆ ನೋಡಲು ಹೋದರು. ಬಾಗಿಲ ಹತ್ತಿರದ ಕೊಳದಲ್ಲಿ ಮುಖ ತೊಳೆದದ್ದಕ್ಕೆ ಗಲಾಟೆಯಾಯಿತು. ಕೊನೆಗೆ ನೀರು ಮುಟ್ಟದ ಹಾಗೆ ಕಾಯಲು ಕೋವಿ ಹಿಡಿದವನೊಬ್ಬನನ್ನು ಜೊತೆಗೆ ಕಳಿಸಿದರು. ಗೆಳೆಯರ ಜೊತೆ ಬಂಡಿಯಲ್ಲಿ ಹೊರಡೋದು ನಮಗೂ ಗೊತ್ತಿತ್ತು ಸ್ವಾಮಿ. ಇಳಿದಾಗ ಏನಾಗುತ್ತೆ ಅನ್ನೋದೇ ಪ್ರಶ್ನೆ.

ಇವತ್ತಿಗೂ ಆ ಪ್ರಶ್ನೆ ಹೋಗಿಲ್ಲ. ನಮ್ಮ ಮನೆಯಲ್ಲಿ ಮೊದಲು ಡಿಗ್ರಿ ಓದಿದವನು ನಾನು. ಕಾಲೇಜಿನಲ್ಲಿ ಒಂದೇ ತಟ್ಟೆಯಲ್ಲಿ ಉಂಡ ಗೆಳೆಯನೊಬ್ಬನ ಊರಿಗೆ ಹೋದರೆ ಜಗಲಿಯಲ್ಲೇ ಕೂರಿಸಿದರು, ಕಾಫಿ ಕಾಗದದ ಲೋಟದಲ್ಲಿ ಬಂತು. ಒಳಗೆ ಸ್ಟೀಲಿನ ಲೋಟ ಸದ್ದು ಮಾಡುತ್ತಿದ್ದವು. ಹಳೇ ಗೆಳೆಯರನ್ನು ನೋಡುವ ಯಾತ್ರೆ ಎಲ್ಲರಿಗೂ ಒಂದೇ ಅಲ್ಲ ಅಂತ ಅದಕ್ಕೇ ಹೇಳಿದೆ.

ಬರೀ ಮೇಲಿನವರನ್ನು ಬೈದು ಕೈ ತೊಳೆದುಕೊಳ್ಳೋದೂ ಬೇಡ. ದಕ್ಕಲಿಗರು ಮಾದಿಗರನ್ನೇ ನಂಬಿ ಬಂದವರು, ಮಾದಿಗರ ಕುಲದ ಕತೆ ಹೇಳುವವರು. ಅವರು ಕೇರಿಯ ಹೊರಗೇ ಇಳೀಬೇಕು, ಒಳಗೆ ಬರೋ ಹಾಗಿಲ್ಲ ಅನ್ನೋ ಕಟ್ಟಳೆ ಮಾಡಿದ್ದು ಯಾರು? ಊರಿಗೊಂದು ಕೇರಿ ಇಟ್ಟವರನ್ನು ಬೈಯುವ ನಾವು ಕೇರಿಗೂ ಒಂದು ಹೊರಗೇರಿ ಇಟ್ಟುಕೊಂಡಿದ್ದೇವೆ. ಇದನ್ನು ನಮ್ಮ ಸಭೆಗಳಲ್ಲೇ ಮೊದಲು ಮಾತಾಡಬೇಕು.

ಅವರ ಪಾಲಿನ ಮಾತು ಬಂದಾಗ ಏನಾಯಿತು? 2025ರಲ್ಲಿ ನಾಗಮೋಹನದಾಸ್ ಆಯೋಗ ಪರಿಶಿಷ್ಟರಲ್ಲಿ ಅತಿ ಹಿಂದುಳಿದ 59 ಅಲೆಮಾರಿ ಸಮುದಾಯಗಳಿಗೆ ಬೇರೆಯಾಗಿ ಶೇಕಡಾ 1 ಒಳಮೀಸಲು ಹೇಳಿತ್ತು. ಆ ಆಗಸ್ಟಿನಲ್ಲಿ ಸರ್ಕಾರ 6, 6, 5 ಅಂತ ಹಂಚಿ, ಆ ಒಂದನ್ನೂ ಕಿತ್ತು, ಅವರನ್ನು ಲಂಬಾಣಿ, ಭೋವಿ, ಕೊರಮ, ಕೊರಚರ ಜೊತೆ ಶೇಕಡಾ 5ರ ಗುಂಪಿಗೆ ನೂಕಿತು. ಅಲೆಮಾರಿಗಳು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಕೂತರು. ನಮ್ಮಲ್ಲಿ ಎಷ್ಟು ಜನ ಅವರ ಪಕ್ಕ ಕೂತೆವು? ಎಡ, ಬಲ ಅಂತ ಲೆಕ್ಕ ಹಾಕೋರಿಗೆ ಗುಡಾರದವರು ಲೆಕ್ಕಕ್ಕೇ ಸಿಗಲಿಲ್ಲವೇ?

ಹೊರದೇಶ ನೋಡಿದರೂ ಬಣ್ಣ ಅದೇ. ಅಮೆರಿಕದಲ್ಲಿ 2008ರ ಕುಸಿತದಲ್ಲಿ ಮನೆ ಕಳಕೊಂಡ ಮುದುಕರು ವ್ಯಾನಿನಲ್ಲಿ ಬದುಕುತ್ತಾ ಗೋದಾಮುಗಳಲ್ಲಿ ಕೂಲಿ ಮಾಡಿದರು. ಅವರ ಮೇಲೆ ಪುಸ್ತಕ ಬಂತು, ಸಿನಿಮಾ ಬಂತು, ಪ್ರಶಸ್ತಿ ಬಂತು. ಮನೆ ಮಾತ್ರ ಬರಲಿಲ್ಲ. ಇಂಗ್ಲೆಂಡಿನಲ್ಲಿ ವ್ಯಾನಿನ ಬದುಕು ಫ್ಯಾಷನ್ನು. ಅದೇ ಇಂಗ್ಲೆಂಡು 2022ರಲ್ಲಿ ಕಾನೂನು ಮಾಡಿ ಜಿಪ್ಸಿಗಳು ರಸ್ತೆಬದಿ ಬೀಡುಬಿಟ್ಟರೆ ಅವರ ಗಾಡಿಯನ್ನೇ, ಅಂದರೆ ಮನೆಯನ್ನೇ, ಜಪ್ತಿ ಮಾಡುವ ಅಧಿಕಾರವನ್ನು ಪೊಲೀಸರಿಗೆ ಕೊಟ್ಟಿತು. 2024ರಲ್ಲಿ ಅಲ್ಲಿನ ಹೈಕೋರ್ಟೇ ಅದರ ಒಂದು ಭಾಗ ಮಾನವ ಹಕ್ಕಿಗೆ ವಿರುದ್ಧ ಅಂತ ಹೇಳಬೇಕಾಯಿತು.

ಹಳ್ಳಿ ಶಾಲೆಯ ಮೇಷ್ಟ್ರುಗಳೇ, ಈ ಮಾತು ನಿಮಗೆ. ನಾನು ಐದನೇ ಕ್ಲಾಸಿನಲ್ಲಿದ್ದಾಗ ಪಿನ್ನು, ಬಾಚಣಿಗೆ ಮಾರುವವರ ಹುಡುಗನೊಬ್ಬ ಮೂರು ತಿಂಗಳು ನನ್ನ ಪಕ್ಕ ಕೂತಿದ್ದ. ಲೆಕ್ಕದಲ್ಲಿ ನಮ್ಮೆಲ್ಲರಿಗಿಂತ ಚುರುಕು. ಒಂದು ಸೋಮವಾರ ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಕೆಂಪು ಗೆರೆ ಬಿತ್ತು. ಅಂಥ ಗೆರೆ ನಿಮ್ಮ ಪುಸ್ತಕದಲ್ಲಿ ಎಷ್ಟಿವೆ ನೋಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ತೆಗೆದು ಓದಿ. ಮಗು ಊರು ಬಿಟ್ಟರೆ ವರ್ಗಾವಣೆ ಪತ್ರವನ್ನು ಕೂಡಲೇ ಕೊಡಬೇಕು. ಪತ್ರ ತಡವಾಯಿತು, ತಂದಿಲ್ಲ ಅನ್ನೋ ನೆಪದಲ್ಲಿ ಹೊಸ ಶಾಲೆ ಸೇರಿಸದೆ ಇರೋ ಹಾಗಿಲ್ಲ. ಗುಡಾರ ಬಿದ್ದ ದಿನವೇ ಹೋಗಿ ಮಕ್ಕಳನ್ನು ಕರಕೊಂಡು ಬನ್ನಿ. ಒಂದು ವಾರವಾದರೂ ಸರಿ, ಆ ವಾರ ಅವರದ್ದು.

ವಿದ್ಯಾರ್ಥಿಗಳೇ, ಕಾರ್ಯಕರ್ತರೇ, ಕಡೂರು, ತರೀಕೆರೆ, ಅಜ್ಜಂಪುರ ಮೂರೂ ತಾಲ್ಲೂಕು ಕಚೇರಿ ಮುಂದೆ ಇಡಬೇಕಾದ ಬೇಡಿಕೆ ಇವು. ತಾಲ್ಲೂಕಿಗೊಂದು ತಂಗುದಾಣ, ಅದರಲ್ಲಿ ನೀರು, ದೀಪ, ಕಕ್ಕಸು. ಗೋಮಾಳ ಅಳೆಯುವ ಸರಪಳಿಯಲ್ಲೇ ಅದನ್ನೂ ಅಳೆಯಲಿ. ವಿಳಾಸವಿಲ್ಲ ಅನ್ನೋ ಕಾರಣಕ್ಕೆ ರೇಷನ್ ಕಾರ್ಡು, ಜಾತಿ ಪತ್ರ ತಡೆಯೋದು ನಿಲ್ಲಬೇಕು. ನೆಲೆ ನಿಲ್ಲಬೇಕು ಅನ್ನೋರಿಗೆ ಮನೆ, ನೆಲ. ಸುತ್ತಬೇಕು ಅನ್ನೋರಿಗೆ ಸುತ್ತುವ ಹಕ್ಕು. ಅಲೆಮಾರಿಗಳ ಶೇಕಡಾ ಒಂದು ಅಲೆಮಾರಿಗಳಿಗೇ.

ವ್ಯಾನಿನ ಅಣ್ಣ, ಅಕ್ಕ, ನಿಮಗೂ ಒಂದು ಮಾತು. ಸುತ್ತಿ, ಚೆನ್ನಾಗಿ ಸುತ್ತಿ. ಆದರೆ ಮುಂದಿನ ಸಲ ಕೆರೆ ಏರಿ ಮೇಲೆ ನಿಂತಾಗ, ಪಕ್ಕದ ಗುಡಾರಕ್ಕೆ ರಾತ್ರಿ ಊರವರು ಕೋಲು ಹಿಡಿದು ಬಂದರೆ, ಬಾಗಿಲು ಹಾಕಿಕೊಂಡು ಮಲಗಬೇಡಿ. ಇಳಿದು ಬಂದು ಅವರ ಪಕ್ಕ ನಿಲ್ಲಿ. 'ಇವರೂ ನಮ್ಮ ಹಾಗೇ ಊರು ಸುತ್ತೋರು, ಇವರನ್ನು ಎಬ್ಬಿಸಿದರೆ ನಮ್ಮನ್ನೂ ಎಬ್ಬಿಸಿ' ಅಂತ ಹೇಳಿ. ಅಷ್ಟು ಹೇಳಿದ ದಿನ ನಿಮ್ಮ ಸ್ವಾತಂತ್ರ್ಯದ ಮಾತನ್ನು ನಾವೂ ನಂಬುತ್ತೇವೆ.