ಓಡುವ ಟ್ಯಾಂಕಿಗೆ ತುಕ್ಕೆಲ್ಲಿ?

ಬಿಡುವಿನ ವೇಳೆಯಲ್ಲಿ ಇಸ್ಪೀಟು ಆಡುವವರುಂಟು, ಹೂದೋಟ ಮಾಡುವವರುಂಟು. ನಾನಾದರೋ ಟ್ಯಾಂಕು ಕಟ್ಟುತ್ತೇನೆ. ವಾಚಕರು ಗಾಬರಿಪಡಬೇಕಾಗಿಲ್ಲ, ಅದು 1:35 ಪ್ರಮಾಣದ ಪ್ಲಾಸ್ಟಿಕ್ ಪ್ರತಿಕೃತಿ. ಹಳಗನ್ನಡ ಬೋಧಿಸುವ ಮೇಷ್ಟರಿಗೆ ಇದೆಂಥ ಹುಚ್ಚು ಎಂದು ಮನೆಯಾಕೆ ಕೇಳುವುದುಂಟು. ಪಂಪನೂ ಯುದ್ಧವನ್ನೇ ವರ್ಣಿಸಲಿಲ್ಲವೇ ಎಂದು ಹೇಳಿ ಪಾರಾಗುತ್ತೇನೆ.

ಕಳೆದ ಬೇಸಗೆಯ ರಜೆಯಲ್ಲಿ ಸೆಂಚೂರಿಯನ್ ಟ್ಯಾಂಕನ್ನು ಕಟ್ಟಿದೆ. ಬ್ರಿಟನ್ನಿನಲ್ಲಿ ರೂಪುಗೊಂಡು, 1965 ಮತ್ತು 1971ರ ಯುದ್ಧಗಳಲ್ಲಿ ನಮ್ಮ ಸೈನ್ಯದಲ್ಲಿದ್ದು ಕಾದಿದ ಯಂತ್ರವದು. ಅದರ 50 ಟನ್ನಿನಷ್ಟು ಭಾರವನ್ನು ಹೊರುವುದು ಎರಡು ಪಕ್ಕದ ಟ್ರ್ಯಾಕುಗಳು. ಎಂದರೆ ಉಕ್ಕಿನ ಕೊಂಡಿಗಳನ್ನು ಪಿನ್ನುಗಳಿಂದ ಪೋಣಿಸಿದ ಸರಪಳಿಗಳು. ಮೂಲದಲ್ಲಿ ಸುಮಾರು 61 ಸೆಂಟಿಮೀಟರ್ ಅಗಲದ ಟ್ರ್ಯಾಕು ನನ್ನ ಮೇಜಿನ ಮೇಲೆ 17 ಮಿಲಿಮೀಟರಿಗೆ ಇಳಿದಿತ್ತು. ಕಬ್ಬಿಣವೆಂದಮೇಲೆ ತುಕ್ಕು ಇರಲೇಬೇಕಲ್ಲವೇ? ಇಟ್ಟಿಗೆಯ ಬಣ್ಣವನ್ನು ಧಾರಾಳವಾಗಿ ಬಳಿದು ತೃಪ್ತನಾದೆ.

ಆ ವಾರವೇ ಊರಿನಿಂದ ನಮ್ಮ ಸೋದರಮಾವ ಬಂದರು. 1971ರಲ್ಲಿ ಅವರು ಟ್ಯಾಂಕು ದಳದಲ್ಲಿದ್ದವರು. ಕನ್ನಡಕವನ್ನು ಒರೆಸಿಕೊಂಡು ಬಹಳ ಹೊತ್ತು ನೋಡಿ, "ಏನಯ್ಯಾ, ಮೈಮೇಲೆ ದಾರಿಯ ಧೂಳು, ಟ್ರ್ಯಾಕಿನ ತುಂಬ ತುಕ್ಕು! ಇದು ಓಡುತ್ತಿದೆಯೋ, ಗುಜರಿಯಲ್ಲಿ ನಿಂತಿದೆಯೋ?" ಎಂದರು.

ನಾನು ನಿರುತ್ತರನಾದೆ. ಅವರು ವಿವರಿಸಿದರು. ನೆಲವನ್ನು ತುಳಿಯುವ ಉಬ್ಬುಗಳು ಕಲ್ಲುಮಣ್ಣಿಗೆ ಉಜ್ಜಿ ಉಜ್ಜಿ ಹೊಳೆಯುತ್ತವೆ. ಒಳಮೈಯಲ್ಲಿ ಗಾಲಿ ಹಾಯುವ ದಾರಿ ನುಣುಪಾಗುತ್ತದೆ. ಗಾಲಿಗಳ ನಡುವೆ ತೂರುವ ಕೊಂಬುಗಳ ಪಕ್ಕಗಳೂ ಸವೆಯುತ್ತವೆ. ತುಕ್ಕಿಗೆ ಉಳಿಯುವುದು ತಗ್ಗುಗಳು ಮಾತ್ರ. ಅಲ್ಲಿಯೂ ಮಣ್ಣೇ ಮೊದಲು ಬಂದು ಕೂರುತ್ತದೆ.

ಮರುದಿನ ಹೊಸದಾಗಿ ಆರಂಭಿಸಿದೆ. ಬಾಗುವ ಪಟ್ಟಿಯಾದ್ದರಿಂದ ಬಣ್ಣ ಬಿರಿಯದಂತೆ ಮೊದಲು ಸಾಬೂನಿನ ನೀರಿನಲ್ಲಿ ತೊಳೆದು ಜಿಡ್ಡು ತೆಗೆದೆ. ಕಂದು ಬೆರೆತ ಬೂದುಬಣ್ಣವನ್ನು ತೆಳ್ಳಗೆ ಹಚ್ಚಿದೆ. ಅದು ಚೆನ್ನಾಗಿ ಒಣಗಿದಮೇಲೆ, ನೀರಾಗಿಸಿದ ಕಡುಗಂದು ಬಣ್ಣವನ್ನು ಸಂದುಗಳಿಗೆ ಹರಿಯಬಿಟ್ಟೆ. ಬಳಿಕ ಮಣ್ಣಿನ ಬಣ್ಣದ ಪುಡಿಯನ್ನು ತಗ್ಗುಗಳಲ್ಲಿ ತುಂಬಿದೆ. ಅದೇ ಪುಡಿಯನ್ನು ಗಾಲಿಗಳಿಗೂ ತಳಭಾಗಕ್ಕೂ ಸವರಿದೆ. ಟ್ರ್ಯಾಕು ಒಂದೂರಿನ ಮಣ್ಣನ್ನೂ ಗಾಲಿ ಇನ್ನೊಂದೂರಿನ ಮಣ್ಣನ್ನೂ ಮೆತ್ತಿಕೊಳ್ಳಲಾರದಷ್ಟೆ! ಕಟ್ಟಕಡೆಗೆ ಮೆತ್ತನೆಯ ಪೆನ್ಸಿಲಿನಿಂದ ಉಬ್ಬುಗಳನ್ನು ಮಾತ್ರ ತಿಕ್ಕಿದೆ. ಸೀಸದಕಡ್ಡಿಯ ಕಪ್ಪು ಉಕ್ಕಿನ ಹೊಳಪಾಗಿ ಮೂಡಿತು. ಈ ಕೆಲಸ ಕೊನೆಯದಾಗಿಯೇ ಇರಬೇಕು. ಮಣ್ಣು ಮೆತ್ತಿದಮೇಲೂ ಸವೆತ ನಿಲ್ಲುವುದಿಲ್ಲವಲ್ಲ.

ಮಾವ ಪಕ್ಕದಲ್ಲಿ ಕುಳಿತು ನೋಡುತ್ತಿದ್ದರು. ಟ್ರ್ಯಾಕು ಕಳಚಿದ ಟ್ಯಾಂಕು ನಿಂತಲ್ಲೇ ಶತ್ರುವಿಗೆ ಗುರಿ; ಒಳಗಿನ ನಾಲ್ವರೂ ಇಳಿದು ಸುತ್ತಿಗೆ ಹಾರೆ ಹಿಡಿದು ಸರಿಪಡಿಸಬೇಕು ಎಂದರು. ಕೊನೆಯ ಎರಡು ಕೊಂಡಿಗಳಿಗೆ ಪೆನ್ಸಿಲು ತಾಗಿಸುವಷ್ಟರಲ್ಲಿ ನನ್ನ ಕೈಹಿಡಿದರು.

"ಅವೆರಡನ್ನು ಹಾಗೆಯೇ ಬಿಡು. ಹೊಸ ಕೊಂಡಿ ಹೊಳೆಯುವುದಿಲ್ಲ. ಅವನ್ನು ನಾವು ರಾತ್ರಿ ಕತ್ತಲಲ್ಲಿ ಬದಲಾಯಿಸಿದ್ದು."

"ನಾವು ಎಂದರೆ ಯಾರು ಮಾವ?"

"ನಾಲ್ವರಿದ್ದೆವು. ಈಗ ನಾನೊಬ್ಬ."

ಟ್ಯಾಂಕು ಈಗ ಪುಸ್ತಕದ ಬೀರುವಿನಲ್ಲಿದೆ. ನೋಡಲು ಬಂದ ಮಿತ್ರರು ಎರಡು ಕೊಂಡಿಗಳ ಕೆಲಸ ಬಾಕಿಯಾಯಿತೆಂದು ಎತ್ತಿ ತೋರಿಸುತ್ತಾರೆ. ಬಾಕಿಯಲ್ಲವೆಂದು ಹೇಳಿ ಬಾಗಿಲು ಮುಚ್ಚುತ್ತೇನೆ.