ಹುಲ್ಲು ಕಿತ್ತು ಮಾಡಿದ ಜೀರ್ಣೋದ್ಧಾರ

ಜೀರ್ಣೋದ್ಧಾರವೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಹೊಸ ಬಣ್ಣ, ನುಣುಪಾದ ಗ್ರಾನೈಟು ಹಾಸು ಮತ್ತು ದಾನಿಗಳ ಹೆಸರು ಕೆತ್ತಿದ ಫಲಕ. ಇದ್ದುದಕ್ಕೆ ಮತ್ತಷ್ಟನ್ನು ಸೇರಿಸುವುದೇ ಜೀರ್ಣೋದ್ಧಾರವೆಂಬ ಭಾವನೆ ನಮ್ಮಲ್ಲಿ ಬೇರೂರಿಬಿಟ್ಟಿದೆ. ಸೇರಿದ್ದನ್ನು ತೆಗೆದುಹಾಕಿಯೂ ಜೀರ್ಣೋದ್ಧಾರ ಮಾಡಬಹುದು, ಅದಕ್ಕೆ ಹೆಚ್ಚಿನ ಎದೆಗಾರಿಕೆಯೂ ಬೇಕು ಎಂಬುದಕ್ಕೆ ಒಂದು ಅಪರೂಪದ ನಿದರ್ಶನವನ್ನು ನಾವು ಈ ಸಲದ ಪ್ರವಾಸದಲ್ಲಿ ಕಂಡು ಬಂದೆವು. ಅದು ಇರುವುದು ಅಮೆರಿಕದ ಉತ್ತರ ಕ್ಯಾರೊಲಿನಾ ರಾಜ್ಯದ ಪೈನ್‌ಹರ್ಸ್ಟ್ ಎಂಬ ಊರಿನಲ್ಲಿ. ಅದೊಂದು ಗಾಲ್ಫ್ ಮೈದಾನ.

ಗಾಲ್ಫಿನ ಮಾತು ಈ ಪುಟಕ್ಕೆ ಹೇಗೆ ಬಂತೆಂದು ಓದುಗರು ಹುಬ್ಬೇರಿಸಬಹುದು. ಮಕ್ಕಳು ಹೊರದೇಶದಲ್ಲಿ ನೆಲೆಸಿರುವ ಮನೆಗಳ ಹಿರಿಯರು ವರ್ಷಕ್ಕೆ ಕೆಲವು ತಿಂಗಳು ಅಲ್ಲಿ ಕಳೆಯುವುದು ಈಗ ರೂಢಿಯ ಸಂಗತಿ. ನಮ್ಮ ಮಗಳು ಅಳಿಯಂದಿರು ಇರುವುದು ಆ ರಾಜ್ಯದ ರಾಜಧಾನಿ ರಾಲೀ ನಗರದ ಸಮೀಪ. ಅಳಿಯಂದಿರಿಗೆ ಈ ಆಟದ ಹುಚ್ಚು. ನಮಗೆ ನೌಕರಿಯ ಕಾಲದಲ್ಲಿ ಕೈಗೆ ಹತ್ತಿದ ಹವ್ಯಾಸ. "ಮಾವನವರೇ, ಇಷ್ಟು ದೂರ ಬಂದು ಎರಡನೆಯ ಮೈದಾನ ನೋಡದೆ ಹೋಗಬೇಡಿರಿ" ಎಂದು ಅವರು ಒತ್ತಾಯಿಸಿದರು. ಪೈನ್‌ಹರ್ಸ್ಟ್ ರಿಸಾರ್ಟಿನ ಮೈದಾನಗಳಿಗೆ ಹೆಸರಿಲ್ಲ, ಸಂಖ್ಯೆ ಮಾತ್ರ; ಹತ್ತನೆಯದು 2024ರಲ್ಲಿ ಆರಂಭವಾಯಿತು. ಆದರೆ ಲೋಕಪ್ರಸಿದ್ಧವಾದದ್ದು 1907ರಲ್ಲಿ ಪೂರ್ಣಗೊಂಡ ಎರಡನೆಯದೇ. ಅಲ್ಲಿ ಆಡಲು ಎಷ್ಟು ಶುಲ್ಕವೆಂಬುದನ್ನು ಅಳಿಯಂದಿರು ಹೇಳಲಿಲ್ಲ, ನಾವೂ ಕೇಳಲಿಲ್ಲ.

ಆಟವನ್ನು ಅರಿಯದವರಿಗಾಗಿ ಎರಡು ಮಾತು. ಮೈದಾನದಲ್ಲಿ ಹದಿನೆಂಟು ಕುಳಿಗಳಿರುತ್ತವೆ. ದೂರದಿಂದ ಚೆಂಡನ್ನು ಹೊಡೆಯುತ್ತ ಬಂದು, ಆದಷ್ಟು ಕಡಿಮೆ ಹೊಡೆತಗಳಲ್ಲಿ ಒಂದೊಂದೇ ಕುಳಿಗೆ ಉರುಳಿಸಬೇಕು. ಸಾಗಿ ಬರುವ ಹಾದಿಯ ಕತ್ತರಿಸಿದ ಹುಲ್ಲಿಗೆ ಫೇರ್‌ವೇ ಎಂದೂ, ಅದರ ಅಂಚಿನ ದಟ್ಟ ಹುಲ್ಲಿಗೆ ರಫ್ ಎಂದೂ, ಕುಳಿಯ ಸುತ್ತಣ ನುಣ್ಣನೆಯ ಹಾಸಿಗೆ ಗ್ರೀನ್ ಎಂದೂ ಹೆಸರು. ಇಷ್ಟು ತಿಳಿದರೆ ಮುಂದಿನ ಕಥೆಗೆ ಸಾಕು.

ಕಥೆ ಆರಂಭವಾಗುವುದು 1895ರಲ್ಲಿ. ಸೋಡಾ ಫೌಂಟನ್ ಯಂತ್ರಗಳ ವ್ಯಾಪಾರದಿಂದ ಸಿರಿವಂತರಾದ ಬಾಸ್ಟನ್ನಿನ ಜೇಮ್ಸ್ ವಾಕರ್ ಟಫ್ಟ್ಸ್ ಎಂಬವರು ಇಲ್ಲಿ ಐದು ಸಾವಿರಕ್ಕೂ ಮಿಕ್ಕಿದ ಎಕರೆ ನೆಲವನ್ನು ಎಕರೆಗೆ ಸುಮಾರು ಒಂದು ಡಾಲರಿನಂತೆ ಕೊಂಡರು. ಅಷ್ಟು ಅಗ್ಗಕ್ಕೆ ಸಿಕ್ಕಿದ್ದಕ್ಕೆ ಕಾರಣವಿತ್ತು. ಒಂದು ಕಾಲದಲ್ಲಿ ಇಲ್ಲಿ ಉದ್ದೆಲೆಯ ಪೈನ್ ಮರಗಳ ಮಹಾರಣ್ಯವಿತ್ತು. ಡಾಂಬರಿಗಾಗಿ, ಟರ್ಪೆಂಟೈನಿಗಾಗಿ, ಮರಮುಟ್ಟಿಗಾಗಿ ಅದನ್ನು ಕಡಿದು ಬರಿದು ಮಾಡಿದ್ದರು. ಉಳಿದದ್ದು ಬರೀ ಉಸುಕು. ಕ್ಷಯರೋಗದಿಂದ ಚೇತರಿಸಿಕೊಳ್ಳುವವರಿಗೆ ಬೆಚ್ಚನೆಯ ಹವೆಯ ಒಂದು ಊರು ಕಟ್ಟಬೇಕೆಂಬುದು ಟಫ್ಟ್ಸರ ಸಂಕಲ್ಪ. ಆ ರೋಗ ಅಂಟುವಂಥದೆಂಬ ತಿಳಿವಳಿಕೆ ಹರಡಿದ ಮೇಲೆ ಅದನ್ನು ಬಿಟ್ಟು, ಊರನ್ನು ವಿಹಾರಧಾಮವನ್ನಾಗಿ ಮಾಡಿದರು. 1897ರ ಸುಮಾರಿಗೆ ಕೆಲವು ಅತಿಥಿಗಳು ಹೈನಿನ ದನಗಳು ಮೇಯುವ ಹೊಲದಲ್ಲಿ ಬಿಳಿಯ ಚೆಂಡುಗಳನ್ನು ಹೊಡೆಯತೊಡಗಿ, ದನಗಳಿಗೆ ತೊಂದರೆಯಾಗುತ್ತಿದೆಯೆಂಬ ದೂರು ಟಫ್ಟ್ಸರವರೆಗೆ ಹೋಯಿತಂತೆ. ದನಗಳ ನೆಮ್ಮದಿಗಾಗಿ ಆಟಕ್ಕೆ ಬೇರೆ ಜಾಗ ಮಾಡಿಕೊಟ್ಟರೆಂಬುದು ಅಲ್ಲಿಯ ಐತಿಹ್ಯ. (ನಮ್ಮ ಬೆಂಗಳೂರಿನ ಗಾಲ್ಫ್ ಕ್ಲಬ್ಬು ಸ್ಥಾಪನೆಯಾದದ್ದು 1876ರಲ್ಲಿ ಎಂದು ಅಳಿಯಂದಿರಿಗೆ ನೆನಪಿಸಿದಾಗ ಅವರು ನಕ್ಕರು.)

1900ರಲ್ಲಿ ಇಲ್ಲಿಗೆ ಬಂದವರು ಡೊನಾಲ್ಡ್ ರಾಸ್. ಸ್ಕಾಟ್ಲೆಂಡಿನ ಸಮುದ್ರದಂಡೆಯ ಡಾರ್ನಾಕ್ ಊರಿನಲ್ಲಿ 1872ರಲ್ಲಿ ಹುಟ್ಟಿ, ಮೊದಲು ಬಡಗಿಯ ಕೆಲಸ ಕಲಿತವರು. ಅಮೆರಿಕದುದ್ದಕ್ಕೂ ನೂರಾರು ಮೈದಾನಗಳನ್ನು ರೂಪಿಸಿದರೂ ಅವರ ಜೀವವೆಲ್ಲ ಈ ಎರಡನೆಯ ಮೈದಾನದ ಮೇಲೆ. ಮೂರನೆಯ ಕುಳಿಯ ಪಕ್ಕದಲ್ಲಿಯೇ ಮನೆ ಕಟ್ಟಿಸಿಕೊಂಡು, 1948ರಲ್ಲಿ ತೀರಿಕೊಳ್ಳುವವರೆಗೂ ಅದನ್ನು ತಿದ್ದುತ್ತಲೇ ಇದ್ದರು. ಮೊದಲು ಇಲ್ಲಿಯ ಗ್ರೀನುಗಳಲ್ಲಿ ಹುಲ್ಲೇ ಇರಲಿಲ್ಲ. ಒತ್ತಿ ಸಮಮಾಡಿದ ಉಸುಕಿನ ಮೇಲೆಯೇ ಚೆಂಡನ್ನು ಉರುಳಿಸುತ್ತಿದ್ದರು. ನಮ್ಮ ದೇಶದ ಹಳೆಯ ಕ್ಲಬ್ಬುಗಳಲ್ಲಿಯೂ ಇಂಥವಿದ್ದವು. ಹಸಿರಿಲ್ಲದ ಅವುಗಳನ್ನು ಬ್ರೌನ್ ಎಂದೇ ಕರೆಯುತ್ತಿದ್ದರು. ಪೈನ್‌ಹರ್ಸ್ಟಿನಲ್ಲಿ ಹುಲ್ಲಿನ ಗ್ರೀನ್ ಬಂದದ್ದು 1930ರ ದಶಕದ ನಡುವಿನಲ್ಲಿ. ಅಷ್ಟಾದರೂ ಹಾದಿಯ ಎರಡೂ ಬದಿಗೆ ಉಸುಕು, ಪೈನ್ ಮರದ ಒಣ ಎಲೆ, ಗೊಂಚಲು ಗೊಂಚಲಾದ ಕಾಡುಹುಲ್ಲು ಇವೇ ಇದ್ದವು.

ಟಫ್ಟ್ಸ್ ಮನೆತನ 1970ರಲ್ಲಿ ರಿಸಾರ್ಟನ್ನು ಮಾರಿತು. ಮುಂದಿನ ದಶಕಗಳಲ್ಲಿ ಮೈದಾನ ಹಸಿರಾಯಿತು. ಇದು ಇಲ್ಲಿಯೊಂದರ ಕಥೆಯಲ್ಲ. ಆಗಸ್ಟಾ ನಗರದಲ್ಲಿ ಪ್ರತಿ ವಸಂತದಲ್ಲಿ ನಡೆಯುವ ಮಾಸ್ಟರ್ಸ್ ಪಂದ್ಯವನ್ನು ಬಣ್ಣದ ದೂರದರ್ಶನದಲ್ಲಿ ಕಂಡ ಅಮೆರಿಕದ ಜನ, ಗಾಲ್ಫ್ ಮೈದಾನವೆಂದರೆ ಮರಕತದ ಹಾಸಿನಂತಿರಬೇಕೆಂದು ಬಯಸತೊಡಗಿದರು. ಗಿರಾಕಿ ಬಯಸಿದ್ದನ್ನು ಕೊಡುವುದು ವ್ಯಾಪಾರಧರ್ಮ. ಸಾವಿರಕ್ಕೂ ಹೆಚ್ಚು ನೀರು ಚಿಮುಕಿಸುವ ಕೊಳವೆಬಾಯಿಗಳು ನೆಲದಡಿ ಕುಳಿತವು. ಬರ್ಮುಡಾ ಹುಲ್ಲು ಮರಗಳ ಬುಡದವರೆಗೂ ಹಬ್ಬಿತು. ಈ ಹಸಿರು ಸ್ಥಿತಿಯಲ್ಲಿಯೇ 1999 ಮತ್ತು 2005ರಲ್ಲಿ ಅಮೆರಿಕದ ರಾಷ್ಟ್ರೀಯ ಪಂದ್ಯವಾದ ಯು.ಎಸ್. ಓಪನ್ ಇಲ್ಲಿ ಜರುಗಿತು. ಯಾರೂ ಮೈದಾನ ಕೆಟ್ಟಿದೆಯೆನ್ನಲಿಲ್ಲ. ಹಣ ಬರುತ್ತಿತ್ತು, ಕೀರ್ತಿಯೂ ಇತ್ತು.

ಇಂಥ ಸ್ಥಿತಿಯಲ್ಲಿ ಮಾಲೀಕರು ಬಿಲ್ ಕೂರ್ ಮತ್ತು ಬೆನ್ ಕ್ರೆನ್‌ಶಾ ಎಂಬ ಇಬ್ಬರು ಶಿಲ್ಪಿಗಳನ್ನು ಕರೆಸಿದರು. ಕ್ರೆನ್‌ಶಾ ಮಾಸ್ಟರ್ಸ್ ಪಂದ್ಯವನ್ನು ಎರಡು ಬಾರಿ ಗೆದ್ದ ಆಟಗಾರರು. ಕೂರ್ ಇದೇ ರಾಜ್ಯದವರು. ಹುಡುಗರಾಗಿದ್ದಾಗ ಈ ಮೈದಾನದಲ್ಲಿ ಆಡಿದ್ದವರು, ಅದರ ಹಳೆಯ ರೂಪವನ್ನು ಕಣ್ಣಾರೆ ಕಂಡವರು. 2010ರಲ್ಲಿ ಕೈಗೆತ್ತಿಕೊಂಡ ಕಾರ್ಯ 2011ರ ವಸಂತದಲ್ಲಿ ಮುಗಿಯಿತು. ಅವರು ಮಾಡಿದ್ದೇನು? ಮೂವತ್ತೈದು ಎಕರೆಗೂ ಹೆಚ್ಚು ಹುಲ್ಲನ್ನು ಕಿತ್ತು ತೆಗೆದರು. ಸುಮಾರು 1,150 ಇದ್ದ ನೀರಿನ ಕೊಳವೆಬಾಯಿಗಳನ್ನು ಸುಮಾರು 450ಕ್ಕೆ ಇಳಿಸಿದರು. ರಫ್ ಎಂಬುದನ್ನೇ ಇಲ್ಲವಾಗಿಸಿದರು. ಹುಲ್ಲಿನಡಿ ಹೂತುಹೋಗಿದ್ದ ಉಸುಕು ಮತ್ತೆ ಬೆಳಕು ಕಂಡಿತು. ಅದರಲ್ಲಿ ತಂತಿಯಂತೆ ತೆಳ್ಳಗೂ ಗಡುಸಾಗಿಯೂ ಇರುವ, ತಂತಿಹುಲ್ಲು ಎಂಬ ಅರ್ಥದ ಹೆಸರನ್ನೇ ಪಡೆದ ಅಲ್ಲಿಯ ನಾಡಹುಲ್ಲಿನ ಬುಡಗಳನ್ನು ಲಕ್ಷಗಟ್ಟಲೆ ಕೈಯಿಂದ ನೆಟ್ಟರು.

ಹಾದಿ ಮೊದಲು ಎಷ್ಟು ಅಗಲವಾಗಿತ್ತು, ಎಲ್ಲಿ ತಿರುಗುತ್ತಿತ್ತು ಎಂಬುದನ್ನು ಅವರು ಕಂಡುಕೊಂಡ ಬಗೆ ನಮಗೆ ಬಲು ಹಿಡಿಸಿತು. ಒಂದು ಸಾಕ್ಷಿ 1943ರಲ್ಲಿ ವಿಮಾನದಿಂದ ತೆಗೆದ ಛಾಯಾಚಿತ್ರಗಳು. ಇನ್ನೊಂದು ನೆಲದೊಳಗೇ ಇತ್ತು. ರಾಸ್ ಅವರ ಕಾಲದಲ್ಲಿ ಪ್ರತಿ ಹಾದಿಯ ನಟ್ಟನಡುವೆ ಒಂದೇ ಒಂದು ನೀರಿನ ಕೊಳವೆ ಹಾಕಿದ್ದರು. ಆ ಹಳೆಯ ಕೊಳವೆ ಇನ್ನೂ ಅಲ್ಲಿಯೇ ಇತ್ತು. ಅದನ್ನು ಹಿಡಿದು ಹೊರಟರೆ ಹಾದಿಯ ನಡುಗೆರೆ ಸಿಕ್ಕಿತು; ಅದರಿಂದ ಚಿಮ್ಮಿದ ನೀರು ಎಲ್ಲಿಯವರೆಗೆ ತಲಪುತ್ತಿತ್ತೋ ಅಲ್ಲಿಯವರೆಗೆ ಹುಲ್ಲು, ಅದರಾಚೆ ಉಸುಕು. ನಮ್ಮ ಕಡೆ ಎಷ್ಟೋ ಹಳೆಯ ಗುಡಿಗಳ ಕಲ್ಲುಕಂಬಗಳಿಗೆ ಎಣ್ಣೆಬಣ್ಣ ಬಳಿದು, ಶಾಸನದ ಮೇಲೆ ಸಿಮೆಂಟು ಮೆತ್ತಿದ್ದನ್ನು ಕಂಡಿದ್ದೇವೆ. ಅವುಗಳ ನಡುಗೆರೆಯನ್ನು ಹುಡುಕುವವರು ಯಾರು?

ಇನ್ನು ಆಟದ ಮಾತು. ನಾವಿಬ್ಬರೂ ಬೆಳಗಿನ ಎಂಟು ಗಂಟೆಗೆ ಮೊದಲ ಕುಳಿಗೆ ಹೊರಟೆವು. ಚೀಲ ಹೊತ್ತು ಜೊತೆಗೆ ಬಂದ ಕ್ಯಾಡಿ ನಮಗಿಂತ ಹಿರಿಯ, ಮಿತಭಾಷಿ. ಕಾಲಿಟ್ಟೊಡನೆ ಮೆತ್ತನೆಯ ರತ್ನಗಂಬಳಿ ಸಿಗದು. ಗಟ್ಟಿ ನೆಲ, ಅಲ್ಲಲ್ಲಿ ಕಂದು, ಅಲ್ಲಲ್ಲಿ ಹಸಿರು. ಚೆಂಡು ಬಿದ್ದಲ್ಲಿ ನಿಲ್ಲದೆ ಉರುಳುತ್ತದೆ. ಹಾದಿ ವಿಶಾಲವಾಗಿರುವುದರಿಂದ ಎಡವಲು ಆಸ್ಪದವಿಲ್ಲವೆನಿಸುತ್ತದೆ. ಉಸುಕಿಗೆ ಹೋದರೆ ಮಾತ್ರ ಅದೃಷ್ಟದ ಪರೀಕ್ಷೆ: ಒಮ್ಮೆ ಚೆಂಡು ಬಯಲಲ್ಲಿ ಸುಖವಾಗಿ ಕುಳಿತಿರುತ್ತದೆ, ಇನ್ನೊಮ್ಮೆ ತಂತಿಹುಲ್ಲಿನ ಬುಡಕ್ಕೆ ಸಿಕ್ಕಿಕೊಂಡಿರುತ್ತದೆ. ನಿಜವಾದ ಕಷ್ಟವೆಲ್ಲ ಗ್ರೀನುಗಳಲ್ಲಿ. ರೊಟ್ಟಿಯ ಹಂಚನ್ನು ಬೋರಲು ಹಾಕಿದಂತೆ ಅವು ನಡುವೆ ಉಬ್ಬಿ ಸುತ್ತಲೂ ಇಳಿಜಾರಾಗಿವೆ. ದಶಕಗಳ ಕಾಲ ಮೇಲೆ ಉಸುಕು ಹರಡುತ್ತ ಬಂದದ್ದರಿಂದ ಉಬ್ಬು ರಾಸ್ ಅವರು ಉದ್ದೇಶಿಸಿದ್ದಕ್ಕಿಂತ ಹೆಚ್ಚಾಗಿದೆಯೆಂದು ಬಲ್ಲವರು ಹೇಳುತ್ತಾರೆ. ಐದನೆಯ ಕುಳಿಯಲ್ಲಿ ನಮ್ಮ ಚೆಂಡು ಗ್ರೀನಿನ ಮೇಲೆ ಬಿದ್ದು, ಕ್ಷಣಕಾಲ ಯೋಚಿಸಿ, ಎಡಕ್ಕೆ ಹೊರಳಿ, ಇಳಿಜಾರಿನಗುಂಟ ತಗ್ಗಿಗೆ ಇಳಿಯಿತು. ಮತ್ತೆ ಮೇಲಕ್ಕೆ ಕಳುಹಿದೆವು. ಮತ್ತೆ ನಮ್ಮ ಕಾಲ ಬಳಿಗೇ ಬಂದಿತು. ಕ್ಯಾಡಿ ಏನೂ ಹೇಳದೆ ಉರುಳಿಸುವ ಕೋಲನ್ನೇ ಕೈಗಿತ್ತು, ಚೆಂಡನ್ನು ನೆಲಕ್ಕಂಟಿಯೇ ಓಡಿಸುವಂತೆ ಸನ್ನೆ ಮಾಡಿದ. ಮೂರನೆಯ ಬಾರಿ ಚೆಂಡು ಮೇಲೆ ನಿಂತಿತು.

ಕ್ಯಾಡಿಗಳ ವಿಷಯ ಬಂದಾಗ ವಿಲ್ಲೀ ಮೆಕ್‌ರೇ ಎಂಬವರನ್ನು ನೆನೆಯದೆ ಮುಂದೆ ಹೋಗಲಾಗದು. 1943ರಲ್ಲಿ, ಹತ್ತು ವರ್ಷದ ಬಾಲಕನಾಗಿ, ತಂದೆಯೊಡನೆ ಬಂದು ಇಲ್ಲಿ ಚೀಲ ಹೊತ್ತವರು, 2018ರಲ್ಲಿ ತೀರಿಕೊಳ್ಳುವವರೆಗೆ ಎಪ್ಪತ್ತೈದು ವರ್ಷ ಅದೇ ಕಾಯಕದಲ್ಲಿದ್ದರು. ಅವರು ಕಪ್ಪು ಜನಾಂಗದವರು. ಅವರು ಹುಡುಗರಾಗಿದ್ದಾಗ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ವರ್ಣಭೇದವೇ ಕಾಯಿದೆ. ಚೀಲ ಹೊರಲು ಕಪ್ಪು ಕೈ ಬೇಕು, ಆಡಲು ಬೇಡ. ಮಾಲೀಕರು ಬದಲಾದರು, ಹುಲ್ಲು ಬಂದು ಹುಲ್ಲು ಹೋಯಿತು. ಆ ನೆಲದ ಪ್ರತಿಯೊಂದು ಏರಿಳಿತ ಅವರ ಅಂಗಾಲಿಗೆ ಗೊತ್ತಿತ್ತು. ಮೈದಾನದ ಕೀರ್ತಿಯನ್ನು ಹೇಳುವವರು ಶಿಲ್ಪಿಗಳ ಹೆಸರಿನೊಡನೆ ಈ ಹೆಸರನ್ನೂ ಹೇಳುವುದು ನ್ಯಾಯ.

ಮಾಲೀಕರ ಸಾಹಸಕ್ಕೆ ಪರೀಕ್ಷೆ ಎದುರಾದದ್ದು 2014ರಲ್ಲಿ. ಆ ವರ್ಷ ಪುರುಷರ ಯು.ಎಸ್. ಓಪನ್ ಮುಗಿದ ಮುಂದಿನ ವಾರವೇ ಮಹಿಳೆಯರ ಪಂದ್ಯ ಅದೇ ಮೈದಾನದಲ್ಲಿ ನಡೆಯಿತು. ಹಾಗೆ ನಡೆದದ್ದು ಅದೇ ಮೊದಲು. ಜರ್ಮನಿಯ ಮಾರ್ಟಿನ್ ಕೈಮರ್ ಮತ್ತು ಅಮೆರಿಕದ ಮಿಶೆಲ್ ವೀ ಗೆದ್ದರು. ದೂರದರ್ಶನದಲ್ಲಿ ಕಂಡ ಹಲವರು ಮೈದಾನ ಸುಟ್ಟು ಕರಕಲಾದಂತಿದೆ ಎಂದು ಮೂಗು ಮುರಿದರು. ರಿಸಾರ್ಟಿನವರು ಹೆದರಿ ಮತ್ತೆ ನೀರು ಬಿಡಲಿಲ್ಲ. ಹತ್ತು ವರ್ಷಗಳ ಬಳಿಕ 2024ರಲ್ಲಿ ಪಂದ್ಯ ಅಲ್ಲಿಗೇ ಮರಳಿತು. ಕೊನೆಯ ಕುಳಿಯಲ್ಲಿ ಸುಮಾರು ಐವತ್ತೈದು ಗಜ ದೂರದ ಉಸುಕಿನ ತಗ್ಗಿನಿಂದ ಚೆಂಡನ್ನು ಎತ್ತಿ ಕುಳಿಯ ಸನಿಹಕ್ಕೆ ಇಳಿಸಿ ಬ್ರೈಸನ್ ಡಿಷಾಂಬೋ ಗೆದ್ದರು.

ಹದಿನೆಂಟನೆಯ ಗ್ರೀನಿನ ಹಿಂದೆ ಒಂದು ಕಂಚಿನ ಪ್ರತಿಮೆಯಿದೆ, ಪೇನ್ ಸ್ಟೀವರ್ಟ್ ಅವರದು. 1999ರಲ್ಲಿ ಇಲ್ಲಿಯೇ ಹದಿನೈದು ಅಡಿ ದೂರದಿಂದ ಚೆಂಡನ್ನು ಕುಳಿಗಿಳಿಸಿ ಫಿಲ್ ಮಿಕಲ್‌ಸನ್ ಅವರನ್ನು ಒಂದೇ ಹೊಡೆತದಿಂದ ಸೋಲಿಸಿದರು. ಮಿಕಲ್‌ಸನ್ನರ ಪತ್ನಿ ಆಗ ತುಂಬು ಗರ್ಭಿಣಿ. ಗೆದ್ದ ಸ್ಟೀವರ್ಟ್, ಸೋತವರ ಮುಖವನ್ನು ಎರಡೂ ಕೈಗಳಲ್ಲಿ ಹಿಡಿದು, ಇನ್ನೇನು ತಂದೆಯಾಗಲಿದ್ದೀರೆಂದು ಸಂತೈಸಿದರು. ಮರುದಿನ ಹೆಣ್ಣುಮಗು ಹುಟ್ಟಿತು. ನಾಲ್ಕು ತಿಂಗಳ ಮೇಲೆ ಸ್ಟೀವರ್ಟ್ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಅಳಿಯಂದಿರು ಪ್ರತಿಮೆಯೆದುರು ಟೊಪ್ಪಿಗೆ ತೆಗೆದು ನಿಂತರು, ನಾವೂ ನಿಂತೆವು.

ನಾವು ಆಡುತ್ತಿದ್ದಷ್ಟು ಹೊತ್ತು ನಮ್ಮ ಮನೆಯವರು ಮತ್ತು ಮಗಳು ಊರಿನ ನಡುವಿನ ಗ್ರಂಥಾಲಯದಲ್ಲಿದ್ದರು. ಟಫ್ಟ್ಸ್ ಮನೆತನದ ಹೆಸರಿನ ದಾಖಲೆ ಭಂಡಾರ ಅಲ್ಲಿದೆ. ರಾಸ್ ಅವರ ಕೈಬರಹದ ನಕಾಶೆಗಳನ್ನೂ ಊರಿನ ಹಳೆಯ ಛಾಯಾಚಿತ್ರಗಳನ್ನೂ ಜೋಪಾನವಾಗಿ ಇರಿಸಿದ್ದಾರೆ. ರಾಲೀಯಿಂದ ಕಾರಿನಲ್ಲಿ ಎರಡು ಗಂಟೆಯೊಳಗಿನ ದಾರಿ. ಆ ಕಡೆ ಮಕ್ಕಳಿರುವ ಓದುಗರು ಗಾಲ್ಫ್ ಆಡದಿದ್ದರೂ ಒಂದು ದಿನ ಬಿಡುವು ಮಾಡಿಕೊಂಡು ಹೋಗಿ ಬರಬಹುದು. ಉದ್ದೆಲೆಯ ಪೈನ್ ಮರಗಳ ನೆರಳಿನಲ್ಲಿ ಬುತ್ತಿ ಬಿಚ್ಚಲು ಒಳ್ಳೆಯ ಜಾಗಗಳಿವೆ. ಮಗಳು ಕಟ್ಟಿ ತಂದಿದ್ದ ಜೋಳದ ರೊಟ್ಟಿ, ಶೇಂಗಾ ಚಟ್ನಿಯನ್ನು ನಾವು ಅಲ್ಲಿಯೇ ಮುಗಿಸಿದೆವು.