ವಂಶವಾಹಿಗೆ ಒಡೆಯರು ಯಾರು?

ಮನುಷ್ಯನ ದೇಹದೊಳಗಿರುವ ವಂಶವಾಹಿಯೊಂದನ್ನು, ಅಂದರೆ ಜೀನನ್ನು, ಒಂದು ಕಂಪೆನಿ ತನ್ನ ಸ್ವತ್ತೆಂದು ಹೇಳಿಕೊಳ್ಳಬಹುದೇ? ತತ್ವಶಾಸ್ತ್ರದ ತರಗತಿಯಲ್ಲಿ ಕೇಳಿದ್ದರೆ ವಿದ್ಯಾರ್ಥಿಗಳು ನಕ್ಕುಬಿಡುತ್ತಿದ್ದ ಈ ಪ್ರಶ್ನೆ ಅಮೆರಿಕದ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಬೇಕಾಯಿತು.

ಸ್ತನ ಕ್ಯಾನ್ಸರ್ ರೋಗಿಗಳಲ್ಲಿ ನೂರಕ್ಕೆ ಐದರಿಂದ ಹತ್ತು ಮಂದಿಗೆ ಮಾತ್ರ ಅದು ವಂಶದ ಬಳುವಳಿಯಾಗಿ ಬಂದಿರುತ್ತದೆ. ಅಂಥ ಕುಟುಂಬಗಳ ರಕ್ತದಲ್ಲಿ ಏನೋ ಇದೆಯೆಂಬ ಶಂಕೆಯನ್ನು 1990ರಲ್ಲಿ ದೃಢಪಡಿಸಿದವರು ಡಾ. ಮೇರಿ-ಕ್ಲೇರ್ ಕಿಂಗ್. 23 ಕುಟುಂಬಗಳ 146 ರೋಗಿಗಳನ್ನು ಅಧ್ಯಯನ ಮಾಡಿ, ದೋಷ ಅಡಗಿರುವುದು 17ನೆಯ ವರ್ಣತಂತುವಿನಲ್ಲಿ ಎಂದು ಅವರು ತೋರಿಸಿಕೊಟ್ಟರು. 1994ರಲ್ಲಿ ಯೂಟಾ ವಿಶ್ವವಿದ್ಯಾನಿಲಯದ ವಿಜ್ಞಾನಿಗಳೂ ಮಿರಿಯಡ್ ಜೆನೆಟಿಕ್ಸ್ ಎಂಬ ಕಂಪೆನಿಯೂ ಸೇರಿ ಆ ವಂಶವಾಹಿಯನ್ನು ಬೇರ್ಪಡಿಸಿದರು. ಅದಕ್ಕೆ ಬಿಆರ್‌ಸಿಎ-1 ಎಂದು ಹೆಸರು. ಅದರ ಜೊತೆಗಾರ ಬಿಆರ್‌ಸಿಎ-2. ಎರಡರ ಮೇಲೂ ಕಂಪೆನಿ ಪೇಟೆಂಟ್ ಪಡೆಯಿತು. ಆ ಬಳಿಕ ಅಮೆರಿಕದಲ್ಲಿ ಈ ಪರೀಕ್ಷೆಯ ವ್ಯಾಪಾರವೆಲ್ಲ ಒಂದೇ ಕೈಯಲ್ಲಿ. ಬೆಲೆ 3,000 ಡಾಲರಿಗೂ ಮಿಕ್ಕಿದ್ದು. ಬಂದ ಫಲಿತಾಂಶದ ಬಗ್ಗೆ ಅನುಮಾನವಿದ್ದರೆ ಇನ್ನೊಂದು ಪ್ರಯೋಗಾಲಯದಲ್ಲಿ ಕೇಳಿ ನೋಡೋಣವೆಂದರೆ ಅದಕ್ಕೂ ದಾರಿಯಿರಲಿಲ್ಲ.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ವಿಜ್ಞಾನಿಗಳಿಗೆ ಈ ದಾರಿ ತೆರೆದುಕೊಂಡದ್ದು ಎಷ್ಟೋ ಕುಟುಂಬಗಳು ತಮ್ಮ ರಕ್ತವನ್ನು ಕೊಟ್ಟು, ತಮ್ಮ ಅಜ್ಜಿ, ದೊಡ್ಡಮ್ಮ, ಅಕ್ಕಂದಿರ ಮರಣದ ವಿವರಗಳನ್ನು ಮುಚ್ಚುಮರೆಯಿಲ್ಲದೆ ಹೇಳಿದ್ದರಿಂದ. ಅವರು ಧರ್ಮಾರ್ಥವಾಗಿ ಕೊಟ್ಟದ್ದಕ್ಕೆ ಬೀಗ ಜಡಿದು, ಬೀಗದ ಕೈಯನ್ನು ಅಂಥವರ ಹೆಣ್ಣುಮಕ್ಕಳಿಗೇ ಮಾರುವುದನ್ನು ನ್ಯಾಯವೆನ್ನಲು ನನ್ನಿಂದಾಗದು.

ವೈದ್ಯರು, ರೋಗಿಗಳು, ಸಂಘಸಂಸ್ಥೆಗಳು 2009ರಲ್ಲಿ ದಾವೆ ಹೂಡಿದವು. 2013ರ ಜೂನ್ 13ರಂದು ಒಂಬತ್ತೂ ಮಂದಿ ನ್ಯಾಯಮೂರ್ತಿಗಳು ಒಮ್ಮತದಿಂದ, ನಿಸರ್ಗದಲ್ಲಿರುವ ವಂಶವಾಹಿಯನ್ನು ಬೇರ್ಪಡಿಸಿದ ಮಾತ್ರಕ್ಕೆ ಅದು ಪೇಟೆಂಟಿಗೆ ಯೋಗ್ಯವಾಗದೆಂದು ತೀರ್ಪಿತ್ತರು. ಪ್ರಯೋಗಾಲಯದಲ್ಲಿ ಕೃತಕವಾಗಿ ರಚಿಸಿದ ಡಿಎನ್ಎಗೆ ಮಾತ್ರ ಆ ಅವಕಾಶ ಉಳಿಯಿತು. ತೀರ್ಪನ್ನು ಬರೆದ ನ್ಯಾಯಮೂರ್ತಿ ಕ್ಲಾರೆನ್ಸ್ ಥಾಮಸ್ ಯೌವನದಲ್ಲಿ ಕೆಲಕಾಲ ಸೆಮಿನರಿಯಲ್ಲಿದ್ದವರು. ಅಲ್ಲಿ ಅರಿಸ್ಟಾಟಲನನ್ನು ಓದಿದ್ದರೋ ಇಲ್ಲವೋ ತಿಳಿಯದು. ನಿಸರ್ಗದಿಂದ ಬಂದದ್ದು ಬೇರೆ, ಮನುಷ್ಯನ ಕೈ ಮಾಡಿದ್ದು ಬೇರೆ ಎಂಬ ಆ ಗ್ರೀಕನ ಭೇದವಂತೂ ತೀರ್ಪಿನಲ್ಲಿ ನಿಚ್ಚಳವಾಗಿದೆ.

ಪೇಟೆಂಟ್ ಎಂಬುದೇ ಪಾಪವೆಂದು ನಾನು ಹೇಳುತ್ತಿಲ್ಲ. ದುಡಿದ ಬುದ್ಧಿಗೆ ಕೂಲಿ ಸಲ್ಲಬೇಕು. ತಂತ್ರಜ್ಞಾನವೂ ಕೌಶಲವೂ ಒಂದು ಬಗೆಯ ಆಸ್ತಿಯೆಂಬುದನ್ನು ಎರಡನೆಯ ಜಾನ್ ಪಾಲ್ ಜಗದ್ಗುರುಗಳು 1991ರ ತಮ್ಮ ವಿಶ್ವಪತ್ರದಲ್ಲಿ ಒಪ್ಪಿಕೊಂಡಿದ್ದಾರೆ. ಸೃಷ್ಟಿಯ ಸಂಪತ್ತು ಸರ್ವರಿಗಾಗಿ ಇದೆಯೆಂಬ ಹಳೆಯ ಬೋಧನೆಯನ್ನೂ ಅಲ್ಲಿಯೇ ನೆನಪಿಸಿದ್ದಾರೆ. ಪರೀಕ್ಷಿಸುವ ವಿಧಾನ ಮನುಷ್ಯನದು, ಪರೀಕ್ಷೆಗೊಳಗಾಗುವ ವಂಶವಾಹಿ ಮನುಷ್ಯನ ರಚನೆಯಲ್ಲ.

ಬೀಗ ಮುರಿದ ಬಳಿಕ ಬೆಲೆ ಇಳಿಯಿತು. 2015ರಲ್ಲಿ ಕ್ಯಾಲಿಫೋರ್ನಿಯದ ಕಂಪೆನಿಯೊಂದು ಅಂಥ ಪರೀಕ್ಷೆಯನ್ನು 249 ಡಾಲರಿಗೆ ಮಾಡಿಕೊಡಲಾರಂಭಿಸಿತು. ನಿಸರ್ಗದಲ್ಲಿರುವ ವಸ್ತುವನ್ನು ಕಂಡುಹಿಡಿದದ್ದೇ ಆವಿಷ್ಕಾರವಾಗದೆಂದು ನಮ್ಮ ದೇಶದ ಪೇಟೆಂಟ್ ಕಾಯಿದೆಯ 3ನೆಯ ಕಲಮು ಹೇಳುತ್ತದೆ. ಬೆಂಗಳೂರಿನಲ್ಲಿಯೇ ಈ ಪರೀಕ್ಷೆ ಮಾಡುವ ಪ್ರಯೋಗಾಲಯಗಳಿವೆ. ಹಾಗಿದ್ದೂ ಹಲವು ಸಾವಿರ ರೂಪಾಯಿಯ ವೆಚ್ಚ ಬೀಡಿ ಕಟ್ಟುವ ಮನೆಗೆ ನಿಲುಕದು. ಸಾಮಾನ್ಯವಾಗಿ ಮೊದಲು ಪರೀಕ್ಷಿಸಬೇಕಾದುದು ರೋಗಿಯನ್ನು. ಅವರಲ್ಲಿ ದೋಷ ಕಂಡುಬಂದರೆ ಒಡಹುಟ್ಟಿದವರಲ್ಲಿಯೂ ಮಕ್ಕಳಲ್ಲಿಯೂ ಆ ಒಂದೇ ಜಾಗವನ್ನು ನೋಡಿದರೆ ಸಾಕು. ಅದಕ್ಕೆ ತಗಲುವ ಖರ್ಚು ಕಡಿಮೆ. ಆದ್ದರಿಂದ ರೋಗಿಯೊಬ್ಬಳ ಪರೀಕ್ಷೆಗೆ ಕೊಟ್ಟ ಹಣ ಒಂದು ಮನೆತನಕ್ಕೇ ಸಲ್ಲುತ್ತದೆ. ಔಷಧಿಗೆಂದು ಉದಾರವಾಗಿ ನೆರವಾಗುವ ನಮ್ಮ ಸಂತ ವಿನ್ಸೆಂಟ್ ಡಿ ಪಾವ್ಲ್ ಸಭೆಗಳು ವೈದ್ಯರು ಸೂಚಿಸಿದ ಇಂಥ ಪರೀಕ್ಷೆಯನ್ನೂ ತಮ್ಮ ಪಟ್ಟಿಗೆ ಸೇರಿಸಿಕೊಳ್ಳಬಾರದೇಕೆ? ಸರಕಾರಕ್ಕೂ ಇದೇ ಪ್ರಶ್ನೆಯನ್ನು ಕೇಳಬೇಕು.

ಹಣದ ಅಡ್ಡಿ ನೀಗಿದರೂ ನಮ್ಮ ಮನೆಗಳೇ ಹಾಕಿಕೊಂಡ ಬೀಗವೊಂದು ಉಳಿಯುತ್ತದೆ. ಚರ್ಚಿನ ಮರಣ ದಾಖಲೆಯ ಪುಸ್ತಕದಲ್ಲಿ ಕಾರಣವೆಂಬ ಅಂಕಣದ ಕೆಳಗೆ ಎಷ್ಟೋ ಸ್ತ್ರೀಯರ ಹೆಸರಿಗೆ ‘ಅಸೌಖ್ಯ’ ಎಂದಷ್ಟೇ ಬರೆದಿರುವುದನ್ನು ನೋಡುತ್ತೇನೆ. ಮಗಳ ಮದುವೆಯ ಸಂಬಂಧ ತಪ್ಪೀತೆಂಬ ಭಯ ಆ ಶಬ್ದದ ಹಿಂದಿದ್ದಿರಬಹುದು. ಭಯ ನಿರಾಧಾರವೆನ್ನಲಾರೆ. ರೋಗದ ಸುಳಿವು ಸಿಕ್ಕಿತೆಂದು ನಿಶ್ಚಯವನ್ನೇ ಮುರಿಯುವವರು ನಮ್ಮಲ್ಲಿಯೂ ಇದ್ದಾರೆ. ಅವರು ಪರಮಪ್ರಸಾದ ಸ್ವೀಕರಿಸಲು ಸಾಲಿನಲ್ಲಿ ನಿಲ್ಲುವಾಗ ನನಗೆ ಕಸಿವಿಸಿಯಾಗುತ್ತದೆ. ಆದರೆ ಮರೆಮಾಚಿದರೆ ಬೆಲೆ ತೆರುವವಳು ಆ ಮಗಳೇ. ದೋಷವಿರುವವರಿಗೆಲ್ಲ ರೋಗ ಬಂದೇ ತೀರುವುದಿಲ್ಲ. ಬರುವ ಸಂಭವ ನೂರಕ್ಕೆ ಅರವತ್ತಕ್ಕೂ ಹೆಚ್ಚು, ಅಂಡಾಶಯದ ಕ್ಯಾನ್ಸರಿನ ಅಪಾಯ ಬೇರೆ. ತಿಳಿದಿದ್ದರೆ ವರ್ಷ ವರ್ಷವೂ ತಪಾಸಣೆ ಮಾಡಿಸಬಹುದು, ಶಸ್ತ್ರಚಿಕಿತ್ಸೆಯ ಕುರಿತು ವೈದ್ಯರೊಡನೆ ಆಲೋಚಿಸಬಹುದು.

ಗಂಡಸರಿಗೆ ಇದರಲ್ಲಿ ಪಾತ್ರವಿಲ್ಲವೆಂಬ ತಪ್ಪು ತಿಳಿವಳಿಕೆಯೂ ವ್ಯಾಪಕವಾಗಿದೆ. ದೋಷವುಳ್ಳ ತಂದೆಯಿಂದ ಮಗುವಿಗೆ, ಗಂಡಾಗಲಿ ಹೆಣ್ಣಾಗಲಿ, ಅದು ದಾಟುವ ಸಂಭವ ಅರ್ಧಕ್ಕರ್ಧ. ಆಸ್ಪತ್ರೆಯಲ್ಲಿ ವೈದ್ಯರು ‘ಮನೆಯಲ್ಲಿ ಬೇರೆ ಯಾರಿಗಾದರೂ ಇತ್ತೇ?’ ಎಂದು ಕೇಳಿದಾಗ ತಾಯಿಯ ಕಡೆಯವರನ್ನಷ್ಟೇ ನೆನೆದು, ನಲವತ್ತರಲ್ಲಿ ತೀರಿಕೊಂಡ ಸೋದರತ್ತೆಯನ್ನು ಮರೆಯುವುದು ಸಾಮಾನ್ಯ. ಆ ಅತ್ತೆಗೆ ಏನಾಗಿತ್ತೆಂದು ಹೇಳಬಲ್ಲ ಹಿರಿಯರು ಇನ್ನೂ ನಮ್ಮೊಡನಿದ್ದಾರೆ. ಸಂಜೆಯ ಜಪಸರ ಮುಗಿದ ಬಳಿಕ ಅವರ ಬಳಿ ಕುಳಿತು, ಎರಡೂ ಕಡೆಯವರ ಹೆಸರು, ರೋಗ, ಅದು ಬಂದ ವಯಸ್ಸು ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು, ವೈದ್ಯರ ಬಳಿ ಹೋಗುವಾಗ ಕೊಂಡೊಯ್ಯಿರಿ.